ತಪ್ಪನ್ನು ಅಳೆಯುವ ವಿದ್ಯೆ

ಕೃತಕ ಬುದ್ಧಿಮತ್ತೆಯನ್ನು ಕಲಿಯಬೇಕೆಂದು ಮನಸ್ಸು ಮಾಡಿದವರಿಗೆ ಸಾಮಾನ್ಯವಾಗಿ ಎರಡು ಬಗೆಯ ಸಲಹೆ ಸಿಗುತ್ತದೆ. ಮೊದಲು ಗಣಿತ ಗಟ್ಟಿ ಮಾಡಿಕೊಳ್ಳಿ ಎನ್ನುವುದು ಒಂದು. ರೇಖೀಯ ಬೀಜಗಣಿತ, ಕಲನಶಾಸ್ತ್ರ, ಸಂಭವನೀಯತೆ, ಸಂಖ್ಯಾಶಾಸ್ತ್ರ ಎಲ್ಲವೂ ಮುಗಿದ ಮೇಲೆ ಯಂತ್ರಕಲಿಕೆಯ ಪುಸ್ತಕ ತೆರೆಯಿರಿ ಎಂದು ಇದರ ಅರ್ಥ. ಅಷ್ಟೆಲ್ಲ ಯಾಕೆ, ಪೈಥಾನ್ ಭಾಷೆಯಲ್ಲಿ ಹತ್ತು ಸಾಲು ಕೋಡ್ ಬರೆದರೆ ಮಾದರಿ ಸಿದ್ಧವಾಗುತ್ತದಲ್ಲ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದವರಲ್ಲಿ ಅನೇಕರು ಮ್ಯಾಟ್ರಿಕ್ಸುಗಳ ನಡುವೆಯೇ ದಣಿದು ನಿಲ್ಲುತ್ತಾರೆ. ಎರಡನೆಯದನ್ನು ನಂಬಿದವರ ಕೈಗೆ ಓಡುವ ಪ್ರೋಗ್ರಾಂ ಬರುತ್ತದೆ, ಆದರೆ ಅದು ಕೊಟ್ಟ ಉತ್ತರವನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದು ತಿಳಿಯುವುದಿಲ್ಲ. ಈ ಅಧ್ಯಾಯದ ವಾದ ಇಷ್ಟೇ: ಯಂತ್ರಕಲಿಕೆಯ ಮೊದಲ ಪಾಠ ತಪ್ಪನ್ನು ಅಳೆಯುವುದು. ಒಂದು ಸಣ್ಣ ಪ್ರಶ್ನೆಯನ್ನು ಎತ್ತಿಕೊಂಡು, ಯಂತ್ರ ಎಷ್ಟು ತಪ್ಪುತ್ತದೆ, ಎಲ್ಲಿ ತಪ್ಪುತ್ತದೆ, ತಾನು ಹಿಂದೆಂದೂ ಕಾಣದ್ದರ ಮುಂದೆ ಹೇಗೆ ತಪ್ಪುತ್ತದೆ ಎಂದು ಪ್ರಾಮಾಣಿಕವಾಗಿ ಲೆಕ್ಕ ಇಡಲು ಕಲಿತವರಿಗೆ ಗಣಿತವೂ ಕೋಡೂ ಬೇಕಾದಾಗ ಬೇಕಾದಷ್ಟು ಜೊತೆಗೂಡುತ್ತವೆ. ಅದನ್ನು ಕಲಿಯದವರಿಗೆ ಎರಡೂ ಇದ್ದರೂ ಉಪಯೋಗ ಕಡಿಮೆ.

ಯಂತ್ರಕಲಿಕೆ ಎಂದರೇನು ಎನ್ನುವುದರಲ್ಲೇ ಈ ವಾದದ ಬೇರು ಇದೆ. ಐಬಿಎಂ ಸಂಸ್ಥೆಯಲ್ಲಿದ್ದ ಆರ್ಥರ್ ಸ್ಯಾಮ್ಯುಯೆಲ್ 1959ರಲ್ಲಿ ಚೆಕರ್ಸ್ ಆಟದ ಬಗ್ಗೆ ಬರೆದ ಪ್ರಬಂಧದಿಂದ ‘ಮಷೀನ್ ಲರ್ನಿಂಗ್’ ಎಂಬ ಹೆಸರು ಬಳಕೆಗೆ ಬಂತು. ಗೆಲ್ಲುವ ನಡೆಗಳನ್ನೆಲ್ಲ ಅವರು ಕಂಪ್ಯೂಟರಿಗೆ ಮೊದಲೇ ಹೇಳಿಕೊಡಲಿಲ್ಲ. ಮಣೆಯ ಸ್ಥಿತಿಗೆ ಅಂಕ ಹಾಕುವ ಒಂದು ಸೂತ್ರ ಕೊಟ್ಟು, ಆ ಸೂತ್ರದೊಳಗಿನ ಸಂಖ್ಯೆಗಳನ್ನು ಆಟದ ಅನುಭವದಿಂದ ಯಂತ್ರವೇ ತಿದ್ದಿಕೊಳ್ಳುವಂತೆ ಮಾಡಿದರು. ಅಂದಿನಿಂದ ಇಂದಿನವರೆಗೆ ಈ ಕ್ಷೇತ್ರದ ಬಹುಪಾಲು ಕೆಲಸಕ್ಕೆ ಮೂರೇ ಅಂಗಗಳು: ಉದಾಹರಣೆಗಳು, ತಿದ್ದಬಹುದಾದ ಸಂಖ್ಯೆಗಳಿರುವ ಒಂದು ಸೂತ್ರ, ಮತ್ತು ಸೂತ್ರ ಎಷ್ಟು ತಪ್ಪಿತು ಎಂದು ಹೇಳುವ ಒಂದು ಅಳತೆ. ಹೊಸದಾಗಿ ಕಲಿಯುವವರ ಗಮನವೆಲ್ಲ ಎರಡನೆಯದರ ಮೇಲೆ, ಅಂದರೆ ನರಜಾಲ, ಟ್ರಾನ್ಸ್‌ಫಾರ್ಮರ್ ಮುಂತಾದ ಸೂತ್ರಗಳ ಮೇಲೆ ಇರುತ್ತದೆ. ಆದರೆ ಸಂಖ್ಯೆಗಳನ್ನು ಯಾವ ಕಡೆಗೆ ತಿದ್ದಬೇಕೆಂದು ಹೇಳುವುದು ಮೂರನೆಯದು. ಅಳತೆ ಇಲ್ಲದಿದ್ದರೆ ಕಲಿಕೆಯೇ ಇಲ್ಲ. ಅಳತೆ ಕೆಟ್ಟರೆ ಯಂತ್ರ ಕೆಟ್ಟದ್ದನ್ನೇ ಶ್ರದ್ಧೆಯಿಂದ ಕಲಿಯುತ್ತದೆ.

ಈ ವಿದ್ಯೆ ಕಂಪ್ಯೂಟರಿಗಿಂತ ಹಳೆಯದು. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊ ವೀಕ್ಷಣಾಲಯದಲ್ಲಿ ಜುಸೆಪ್ಪೆ ಪಿಯಾತ್ಸಿ ಎಂಬ ಖಗೋಳಜ್ಞ ಒಂದು ಹೊಸ ಆಕಾಶಕಾಯವನ್ನು ಕಂಡರು. ಅದಕ್ಕೆ ಸೆರೆಸ್ ಎಂದು ಹೆಸರಾಯಿತು. ಸುಮಾರು ಆರು ವಾರ ಅದನ್ನು ಹಿಂಬಾಲಿಸಿದ ಮೇಲೆ ಸೂರ್ಯನ ಪ್ರಖರತೆಯಲ್ಲಿ ಅದು ಮರೆಯಾಯಿತು. ಮತ್ತೆ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಹೇಳುವುದು ಕಷ್ಟವಾಗಿತ್ತು, ಏಕೆಂದರೆ ಕೈಯಲ್ಲಿದ್ದದ್ದು ಕಕ್ಷೆಯ ಒಂದು ಚಿಕ್ಕ ತುಣುಕು, ಅದರ ಪ್ರತಿ ಅಳತೆಯಲ್ಲೂ ಒಂದಿಷ್ಟು ದೋಷ. ಇಪ್ಪತ್ತನಾಲ್ಕು ವರ್ಷದ ಗಣಿತಜ್ಞ ಗೌಸ್ ಲೆಕ್ಕ ಹಾಕಿ ಒಂದು ಜಾಗ ಸೂಚಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಫಾನ್ ತ್ಸಾಕ್ ಎಂಬುವರಿಗೆ ಸೆರೆಸ್ ಆ ಜಾಗದ ಹತ್ತಿರವೇ ಸಿಕ್ಕಿತು. ದೋಷವಿರುವ ಅಳತೆಗಳಿಂದ ಒಳ್ಳೆಯ ಅಂದಾಜನ್ನು ಪಡೆಯುವ ‘ಕನಿಷ್ಠ ವರ್ಗಗಳ ವಿಧಾನ’ವನ್ನು ಲೆಜಾಂಡ್ರ್ 1805ರಲ್ಲಿ, ಗೌಸ್ 1809ರಲ್ಲಿ ಪ್ರಕಟಿಸಿದರು. ಕಲಿಯುವವರು ಈ ಕಥೆಯಲ್ಲಿ ಗಮನಿಸಬೇಕಾದದ್ದು ಗೌಸರ ಪ್ರತಿಭೆಗಿಂತ ಹೆಚ್ಚಾಗಿ ಅವರ ಲೆಕ್ಕವನ್ನು ಪರೀಕ್ಷಿಸಿದ ಬಗೆ. ಪಿಯಾತ್ಸಿ ಕೊಟ್ಟ ಅಂಕಿಗಳಿಗೆ ತಮ್ಮ ಕಕ್ಷೆ ಚೆನ್ನಾಗಿ ಹೊಂದಿದ್ದರಿಂದ ಗೌಸ್ ಗೆಲ್ಲಲಿಲ್ಲ, ಆ ಅಂಕಿಗಳಲ್ಲಿ ಇಲ್ಲದ ಒಂದು ರಾತ್ರಿಯ ಆಕಾಶದಲ್ಲಿ ಲೆಕ್ಕ ಸರಿಹೋದದ್ದರಿಂದ ಗೆದ್ದರು.

ಕನಿಷ್ಠ ವರ್ಗಗಳ ವಿಧಾನವನ್ನು ಕಲಿಯಲು ಒಂದು ಸ್ಪ್ರೆಡ್‌ಶೀಟ್ ಸಾಕು. ಕೊಡಗಿನಲ್ಲಿ ಬಿದ್ದ ಮಳೆಯನ್ನು ನೋಡಿ ಕೃಷ್ಣರಾಜಸಾಗರಕ್ಕೆ ಎಷ್ಟು ನೀರು ಹರಿದು ಬರುತ್ತದೆ ಎಂದು ಅಂದಾಜಿಸಬೇಕು ಎಂದುಕೊಳ್ಳೋಣ. ಒಂದು ಕಂಬಸಾಲಿನಲ್ಲಿ ಮಳೆ, ಇನ್ನೊಂದರಲ್ಲಿ ಒಳಹರಿವು. ಇವೆರಡನ್ನು ಜೋಡಿಸುವ ಸರಳರೇಖೆಗೆ ಎರಡೇ ಸಂಖ್ಯೆ ಬೇಕು: ರೇಖೆ ಎಷ್ಟು ಓರೆ, ಎಲ್ಲಿಂದ ಶುರು. ಪ್ರತಿ ದಿನಕ್ಕೂ ರೇಖೆ ಹೇಳಿದ್ದಕ್ಕೂ ನಿಜವಾಗಿ ಬಂದದ್ದಕ್ಕೂ ಇರುವ ವ್ಯತ್ಯಾಸ ಹಿಡಿದು, ಅದನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿದರೆ ಒಟ್ಟು ತಪ್ಪು ಸಿಗುತ್ತದೆ. ಎರಡು ಸಂಖ್ಯೆಗಳನ್ನು ಕೈಯಿಂದಲೇ ಬದಲಿಸುತ್ತಾ ಆ ಒಟ್ಟು ಮೊತ್ತ ಇಳಿಯುವುದನ್ನು ನೋಡಿದವರು ‘ತರಬೇತಿ’ ಎಂಬುದನ್ನು ಕಣ್ಣಾರೆ ಕಂಡಂತೆ. ವರ್ಗ ಯಾಕೆ ಮಾಡಬೇಕು ಎಂಬ ಪ್ರಶ್ನೆಯೂ ಅಲ್ಲೇ ಹುಟ್ಟುತ್ತದೆ. ವರ್ಗ ಮಾಡಿದರೆ ಹೆಚ್ಚು ಕಡಿಮೆಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ, ದೊಡ್ಡ ತಪ್ಪಿಗೆ ದೊಡ್ಡ ದಂಡ ಬೀಳುತ್ತದೆ. ಆದರೆ ಒಂದೇ ಒಂದು ಅಸಾಮಾನ್ಯ ದಿನ ಇಡೀ ರೇಖೆಯನ್ನು ತನ್ನತ್ತ ಎಳೆದುಕೊಳ್ಳಲೂಬಹುದು. ಇನ್ನೂ ಆಳದ ಮಾತೊಂದಿದೆ. ಪ್ರವಾಹ ಬರುವ ಹೊತ್ತಿನಲ್ಲಿ ನೀರನ್ನು ಕಡಿಮೆ ಅಂದಾಜು ಮಾಡುವುದು ಹೆಚ್ಚು ಅಂದಾಜು ಮಾಡುವುದಕ್ಕಿಂತ ಅಪಾಯಕಾರಿ. ವರ್ಗ ಮಾಡುವ ಸೂತ್ರಕ್ಕೆ ಎರಡೂ ಒಂದೇ. ಯಾವ ತಪ್ಪು ಎಷ್ಟು ಕೆಟ್ಟದ್ದು ಎಂಬುದನ್ನು ಗಣಿತ ನಿರ್ಧರಿಸುವುದಿಲ್ಲ. ಅಣೆಕಟ್ಟಿನ ಕೆಳಗೆ ಬದುಕುವವರ ಕಷ್ಟಸುಖ ಗೊತ್ತಿರುವವರು ನಿರ್ಧರಿಸಬೇಕು.

ಸರಳರೇಖೆಯಿಂದ ಮುಂದಿನ ಹೆಜ್ಜೆಗೆ ಕನ್ನಡದ್ದೇ ಒಂದು ಒಳ್ಳೆಯ ಸಾಮಗ್ರಿ ಇದೆ. ವಿನಯ್ ಉದಯ್ ಪ್ರಭು 2019ರಲ್ಲಿ ‘ಕನ್ನಡ ಎಂನಿಸ್ಟ್’ ಎಂಬ ದತ್ತಾಂಶವನ್ನು ಎಲ್ಲರಿಗೂ ಮುಕ್ತವಾಗಿ ಬಿಡುಗಡೆ ಮಾಡಿದರು. ಕೈಬರಹದ ೦ ಯಿಂದ ೯ ರವರೆಗಿನ ಕನ್ನಡ ಅಂಕಿಗಳ ಚಿತ್ರಗಳು ಅದರಲ್ಲಿವೆ: ತರಬೇತಿಗೆ 60,000, ಪರೀಕ್ಷೆಗೆ 10,000. ಪ್ರತಿ ಚಿತ್ರವೂ 28 ಸಾಲು, 28 ಕಂಬಸಾಲಿನ ಬೂದು ಚುಕ್ಕೆಗಳ ಚೌಕ. ಯಂತ್ರದ ಪಾಲಿಗೆ ಅದು 784 ಸಂಖ್ಯೆಗಳ ಒಂದು ಪಟ್ಟಿ. ಹತ್ತು ಅಂಕಿಗಳೂ ಸಮಪ್ರಮಾಣದಲ್ಲಿರುವುದರಿಂದ ಕಣ್ಣು ಮುಚ್ಚಿ ಊಹಿಸಿದರೂ ನೂರಕ್ಕೆ ಹತ್ತು ಸರಿಯಾಗುತ್ತವೆ. ನಮ್ಮ ಲೆಕ್ಕ ಶುರುವಾಗಬೇಕಾದ ನೆಲಮಟ್ಟ ಅದು. ಅದಕ್ಕಿಂತ ಮೇಲೆ ಮೊದಲು ಕಟ್ಟಬಹುದಾದ ಮಾದರಿ ‘ಹತ್ತಿರದ ನೆರೆ’. ಹೊಸ ಚಿತ್ರ ಬಂದಾಗ 60,000 ಹಳೆಯ ಚಿತ್ರಗಳಲ್ಲಿ ಚುಕ್ಕೆಯಿಂದ ಚುಕ್ಕೆಗೆ ಅದಕ್ಕೆ ಅತ್ಯಂತ ಹತ್ತಿರದ್ದನ್ನು ಹುಡುಕಿ, ಅದರ ಹೆಸರನ್ನೇ ಇದಕ್ಕೂ ಇಡುವುದು ಅದರ ಕ್ರಮ. ಎರಡನೆಯದು ರೇಖೀಯ ಮಾದರಿ. ಪ್ರತಿ ಅಂಕಿಗೂ 784 ತೂಕಗಳು ಮತ್ತು ಒಂದು ಆರಂಭದ ಸಂಖ್ಯೆ, ಒಟ್ಟು 7,850 ಸಂಖ್ಯೆಗಳು. ಇಷ್ಟನ್ನು ಕೈಯಿಂದ ತಿದ್ದಲು ಆಗುವುದಿಲ್ಲ. ತಪ್ಪಿನ ಮೊತ್ತ ಯಾವ ದಿಕ್ಕಿನಲ್ಲಿ ಬೇಗ ಇಳಿಯುತ್ತದೋ ಆ ದಿಕ್ಕಿಗೆ ಎಲ್ಲ ಸಂಖ್ಯೆಗಳನ್ನೂ ಒಟ್ಟಿಗೆ ಸ್ವಲ್ಪ ಸ್ವಲ್ಪವೇ ಸರಿಸುವ ಉಪಾಯ ಬೇಕು. ಫ್ರಾನ್ಸಿನ ಗಣಿತಜ್ಞ ಕೋಶಿ 1847ರಲ್ಲೇ ಅದನ್ನು ಹೇಳಿದ್ದರು. ಇಂದು ಕೋಟಿಗಟ್ಟಲೆ ತೂಕಗಳಿರುವ ನರಜಾಲಗಳು ಕಲಿಯುವುದೂ ಮೂಲತಃ ಇದೇ ಉಪಾಯದಿಂದ.

ಇಲ್ಲೊಂದು ಪ್ರಯೋಗ ಮಾಡಿ ನೋಡಬೇಕು. ಹತ್ತಿರದ ನೆರೆಯ ಮಾದರಿಯನ್ನು ತರಬೇತಿಯ ಚಿತ್ರಗಳ ಮೇಲೇ ಪರೀಕ್ಷಿಸಿದರೆ ಅದಕ್ಕೆ ನೂರಕ್ಕೆ ನೂರು ಅಂಕ ಬರುತ್ತದೆ, ಏಕೆಂದರೆ ಪ್ರತಿ ಚಿತ್ರಕ್ಕೂ ಅತ್ಯಂತ ಹತ್ತಿರದ ನೆರೆ ಆ ಚಿತ್ರವೇ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ವಿದ್ಯಾರ್ಥಿ ಪಡೆದ ಅಂಕಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಯಂತ್ರಕಲಿಕೆಯಲ್ಲಿ ಅತಿ ಹೆಚ್ಚು ಮೋಸಹೋಗುವುದು ಇಲ್ಲೇ. ತೂಕಗಳು ಹೆಚ್ಚಿದ್ದಷ್ಟೂ ಮಾದರಿ ಉದಾಹರಣೆಗಳನ್ನು ಬಾಯಿಪಾಠ ಮಾಡುವ ಸಾಮರ್ಥ್ಯ ಪಡೆಯುತ್ತದೆ. ಬಾಯಿಪಾಠವನ್ನು ತಿಳಿವಳಿಕೆ ಎಂದು ಭಾವಿಸುವುದು ನಮ್ಮ ತಪ್ಪು. ಅದಕ್ಕಾಗಿ ಪರೀಕ್ಷೆಯ ಚಿತ್ರಗಳನ್ನು ಬದಿಗಿಟ್ಟು, ಮಾದರಿಯನ್ನು ತಿದ್ದುವಾಗ ಅವುಗಳ ಕಡೆ ತಿರುಗಿಯೂ ನೋಡಬಾರದು ಎಂಬ ಶಿಸ್ತು ಹುಟ್ಟಿತು. ತಿದ್ದುಪಡಿಗಳಲ್ಲಿ ಯಾವುದು ಮೇಲು ಎಂದು ಹೋಲಿಸಿ ನೋಡಲು ತರಬೇತಿಯ ರಾಶಿಯಿಂದಲೇ ಮೂರನೆಯ ಭಾಗವೊಂದನ್ನು ಬೇರ್ಪಡಿಸಿಕೊಳ್ಳಬೇಕು. ಪರೀಕ್ಷೆಯ ಅಂಕವನ್ನು ದಿನಕ್ಕೆ ಹತ್ತು ಸಲ ನೋಡಿ ಮಾದರಿಯನ್ನು ಬದಲಿಸುತ್ತಾ ಹೋದರೆ, ನಿಧಾನವಾಗಿ ಪರೀಕ್ಷೆಯೂ ತರಬೇತಿಯಾಗಿಬಿಡುತ್ತದೆ.

ಪರೀಕ್ಷೆಯ ರಾಶಿಯನ್ನು ಬೇರೆ ಇಟ್ಟರಷ್ಟೇ ಸಾಲದು ಎಂಬುದನ್ನೂ ಕನ್ನಡ ಎಂನಿಸ್ಟ್ ಕಲಿಸುತ್ತದೆ. ಅದರ ಜೊತೆಗೆ ‘ಡಿಗ್ ಎಂನಿಸ್ಟ್’ ಎಂಬ ಇನ್ನೊಂದು ರಾಶಿಯೂ ಬಿಡುಗಡೆಯಾಯಿತು. ಇದರಲ್ಲಿರುವ ಸುಮಾರು 10,000 ಅಂಕಿಗಳನ್ನು ಬರೆದವರು ಕನ್ನಡ ಲಿಪಿಯನ್ನು ನಿತ್ಯ ಬಳಸದ ಜನ. ಆಗ ಪ್ರಚಲಿತವಿದ್ದ ಬಗೆಯ ಒಂದು ನರಜಾಲವನ್ನು ಮುಖ್ಯ ರಾಶಿಯ ಮೇಲೆ ತರಬೇತಿಗೊಳಿಸಿದಾಗ ಮುಖ್ಯ ಪರೀಕ್ಷೆಯಲ್ಲಿ ಶೇ 96.8 ಸರಿಯಾಯಿತು. ಅದೇ ನರಜಾಲ ಡಿಗ್ ಎಂನಿಸ್ಟ್ ಮುಂದೆ ಶೇ 76.1ಕ್ಕೆ ಕುಸಿಯಿತು. ತಪ್ಪಿನ ಭಾಷೆಯಲ್ಲಿ ಹೇಳಿದರೆ ನೂರಕ್ಕೆ ಮೂರು ತಪ್ಪುತ್ತಿದ್ದದ್ದು ನೂರಕ್ಕೆ ಇಪ್ಪತ್ತನಾಲ್ಕು ತಪ್ಪಿತು, ಏಳು ಪಟ್ಟಿಗಿಂತ ಹೆಚ್ಚು. ಅಂಕಿಗಳು ಅವೇ, ಲಿಪಿ ಅದೇ, ಚೌಕದ ಅಳತೆಯೂ ಅದೇ. ಬದಲಾದದ್ದು ಬರೆದ ಕೈ ಮತ್ತು ಬರೆಸಿಕೊಂಡ ಸಂದರ್ಭ. ಹೀಗಾಗಿ ‘ಈ ಮಾದರಿ ಕನ್ನಡ ಅಂಕಿಗಳನ್ನು ಶೇ 97ರಷ್ಟು ಸರಿಯಾಗಿ ಗುರುತಿಸುತ್ತದೆ’ ಎಂಬ ವಾಕ್ಯ ಅಪೂರ್ಣ. ಯಾರು ಬರೆದ ಅಂಕಿಗಳನ್ನು ಎಂಬುದು ಆ ವಾಕ್ಯದ ಒಳಗೇ ಇರಬೇಕು. ಒಟ್ಟು ಅಂಕ ಬಂದ ಮೇಲೆ ಕಲಿಯುವವರು ಮಾಡಬೇಕಾದ ಅತ್ಯಂತ ಫಲವತ್ತಾದ ಕೆಲಸವೆಂದರೆ ತಪ್ಪಿದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡುವುದು. ಅವಸರದಲ್ಲಿ ಬರೆದ ೬ ಮತ್ತು ೯, ೩ ಮತ್ತು ೭, ಬಾಯಿ ಮುಚ್ಚಿಕೊಂಡ ೧ ಮತ್ತು ೦ ಒಂದರಂತೆ ಒಂದು ಕಾಣಬಲ್ಲವು. ಯಾವ ಜೋಡಿಯಲ್ಲಿ ಎಷ್ಟು ಗೊಂದಲವಾಯಿತು ಎಂದು ಹತ್ತು ಸಾಲು ಹತ್ತು ಕಂಬಸಾಲಿನ ಪಟ್ಟಿ ಮಾಡಿದರೆ ಮಾದರಿಯ ದೌರ್ಬಲ್ಯ ಎದ್ದು ಕಾಣುತ್ತದೆ. ಕನ್ನಡ ಓದುವವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಯಂತ್ರದ ತಪ್ಪು ಕ್ಷಮಾರ್ಹವೋ ಅಲ್ಲವೋ ಎಂದು ಅವರ ಕಣ್ಣು ತಕ್ಷಣ ಹೇಳಬಲ್ಲದು.

ಕನ್ನಡದ ರಾಶಿಗೆ ಮಾದರಿಯಾದ ಮೂಲ ‘ಎಂನಿಸ್ಟ್’ ಹುಟ್ಟಿದ್ದೇ ಇಂಥ ಒಂದು ತೊಡಕನ್ನು ಬಿಡಿಸುವ ಪ್ರಯತ್ನದಿಂದ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಸಂಗ್ರಹಿಸಿದ್ದ ಅಂಕಿಗಳಲ್ಲಿ ತರಬೇತಿಗೆಂದು ಕೊಟ್ಟವು ಜನಗಣತಿ ಇಲಾಖೆಯ ನೌಕರರ ಬರಹ, ಪರೀಕ್ಷೆಗೆಂದು ಕೊಟ್ಟವು ಪ್ರೌಢಶಾಲೆಯ ವಿದ್ಯಾರ್ಥಿಗಳ ಬರಹ. ನೌಕರರ ಅಕ್ಷರ ಅಚ್ಚುಕಟ್ಟು, ವಿದ್ಯಾರ್ಥಿಗಳದ್ದು ಅಷ್ಟಲ್ಲ. ಯಾನ್ ಲೆಕುನ್ ಮತ್ತು ಸಂಗಡಿಗರು ಎರಡನ್ನೂ ಬೆರೆಸಿ ಹೊಸದಾಗಿ ಭಾಗ ಮಾಡಿದರು. ಹಾಗೆ ಮಾಡುವಾಗ ತರಬೇತಿಯಲ್ಲಿ ಬರೆದವರು ಪರೀಕ್ಷೆಯಲ್ಲಿ ಬಾರದಂತೆ ನೋಡಿಕೊಂಡರು. ಒಬ್ಬರದೇ ಬರಹ ಎರಡೂ ಕಡೆ ಇದ್ದರೆ ಯಂತ್ರ ಅಂಕಿಯ ಬದಲು ಆ ಕೈಯನ್ನು ಗುರುತು ಹಿಡಿದು ಅಂಕ ಗಳಿಸಬಹುದು. ಅವರ 1998ರ ಪ್ರಬಂಧದಲ್ಲಿ ಇನ್ನೊಂದು ಪಾಠವಿದೆ. ಸರಳ ರೇಖೀಯ ಮಾದರಿ ಶೇ 12 ತಪ್ಪಿತು, ನೆರೆಯ ಚಿತ್ರಗಳನ್ನು ಹುಡುಕುವ ಮಾದರಿ ಶೇ 5, ಅವರದೇ ನರಜಾಲ ಲೆನೆಟ್-5 ಶೇ 0.95. ಸರಳ ಮಾದರಿಗಳ ತಪ್ಪನ್ನು ಪಕ್ಕದಲ್ಲಿಟ್ಟದ್ದರಿಂದಲೇ ನರಜಾಲ ನಿಜವಾಗಿ ಎಷ್ಟು ಗಳಿಸಿತು ಎಂಬುದು ಓದುಗರಿಗೆ ತಿಳಿಯಿತು. ಹೋಲಿಕೆ ಇಲ್ಲದ ಅಂಕ ಹೊಗಳಿಕೆಯಾಗುತ್ತದೆಯೇ ಹೊರತು ಪುರಾವೆಯಾಗುವುದಿಲ್ಲ.

ಅಂಕಿಗಳ ಚಿತ್ರದಲ್ಲಿ ಎಡವಿದರೆ ಹಾನಿಯಿಲ್ಲ. ಅದೇ ಎಡವಟ್ಟು ಆಸ್ಪತ್ರೆಯಲ್ಲಿ ಆದರೆ? ಅಮೆರಿಕದ ಮೂರು ಆಸ್ಪತ್ರೆ ವ್ಯವಸ್ಥೆಗಳ ಎದೆ ಎಕ್ಸ್‌ರೇಗಳನ್ನು ಬಳಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನ್ಯುಮೋನಿಯ ಪತ್ತೆಹಚ್ಚುವ ನರಜಾಲಗಳು ಹೊರಗಿನ ಆಸ್ಪತ್ರೆಯ ಚಿತ್ರಗಳ ಮುಂದೆ ಹಲವು ಹೋಲಿಕೆಗಳಲ್ಲಿ ಹಿಂದೆ ಬಿದ್ದವು. ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನು ನರಜಾಲ ಬಹುತೇಕ ತಪ್ಪಿಲ್ಲದೆ ಹೇಳಬಲ್ಲದಾಗಿತ್ತು. ರೋಗದ ಪ್ರಮಾಣ ಒಂದೊಂದು ಕಡೆ ಒಂದೊಂದು ತೆರನಾಗಿದ್ದಾಗ ಆಸ್ಪತ್ರೆಯನ್ನು ಗುರುತಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಶ್ವಾಸಕೋಶವನ್ನು ನೋಡುವ ಅಗತ್ಯವೇ ಕಡಿಮೆ. ಕೋವಿಡ್ ಬಂದ ವರ್ಷ ಎಕ್ಸ್‌ರೇ ಮತ್ತು ಸಿಟಿ ಚಿತ್ರಗಳಿಂದ ರೋಗ ಹೇಳುವ ಮಾದರಿಗಳ ಮಹಾಪೂರವೇ ಬಂತು. 2021ರಲ್ಲಿ ನೇಚರ್ ಮಷೀನ್ ಇಂಟೆಲಿಜೆನ್ಸ್ ಪತ್ರಿಕೆಯಲ್ಲಿ ಬಂದ ಸಮೀಕ್ಷೆ 2,212 ಅಧ್ಯಯನಗಳಿಂದ ಶುರುವಾಗಿ, ಗುಣಮಟ್ಟದ ಜರಡಿ ಹಿಡಿದು, 62ನ್ನು ವಿವರವಾಗಿ ಪರಿಶೀಲಿಸಿತು. ವೈದ್ಯಕೀಯ ಬಳಕೆಗೆ ಯೋಗ್ಯವಾದದ್ದು ಅವುಗಳಲ್ಲಿ ಒಂದೂ ಇರಲಿಲ್ಲ. ಕೆಲವರು ಕೋವಿಡ್ ಇಲ್ಲದವರ ಉದಾಹರಣೆಗಳಾಗಿ ಮಕ್ಕಳ ಎಕ್ಸ್‌ರೇಗಳನ್ನು ಬಳಸಿದ್ದರು. ಅಂಥ ಮಾದರಿ ದೊಡ್ಡವರನ್ನೂ ಮಕ್ಕಳನ್ನೂ ಬೇರ್ಪಡಿಸಲು ಕಲಿತಿದ್ದರೆ ಆಶ್ಚರ್ಯವಿಲ್ಲ. 2018ರಲ್ಲೇ ಜಾಯ್ ಬುಲಂವಿನಿ ಮತ್ತು ಟಿಮ್ನಿಟ್ ಗೆಬ್ರು ಮುಖ ನೋಡಿ ಗಂಡು ಹೆಣ್ಣು ಎಂದು ಹೇಳುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ 0.8ನ್ನು ಮೀರಲಿಲ್ಲ, ಕಪ್ಪುಬಣ್ಣದ ಹೆಂಗಸರ ವಿಷಯದಲ್ಲಿ ಶೇ 34.7ರವರೆಗೆ ಹೋಯಿತು. ಒಟ್ಟು ಸರಾಸರಿಯನ್ನಷ್ಟೇ ನೋಡಿದ್ದರೆ ಈ ಅಂತರ ಕಾಣಿಸುತ್ತಲೇ ಇರಲಿಲ್ಲ. ಈ ಮಾದರಿಗಳನ್ನು ಕಟ್ಟಿದವರು ಗಣಿತ ಗೊತ್ತಿಲ್ಲದೆ, ಕೋಡ್ ಬಾರದೆ ಎಡವಿದವರಲ್ಲ. ಯಾರ ಮೇಲೆ, ಯಾವ ತಪ್ಪನ್ನು, ಯಾವುದರೊಡನೆ ಹೋಲಿಸಿ ಅಳೆಯಬೇಕು ಎಂಬ ಪ್ರಶ್ನೆ ಹಿಂದೆ ಉಳಿದದ್ದೇ ಎಡವಟ್ಟಿಗೆ ಕಾರಣ.

‘ಶೇಕಡಾ ಎಷ್ಟು ಸರಿ’ ಎಂಬ ಒಂದೇ ಅಳತೆಯನ್ನು ನೆಚ್ಚಿಕೊಳ್ಳಬಾರದು ಎನ್ನಲು ಇನ್ನೂ ಸರಳವಾದ ಲೆಕ್ಕ ಸಾಕು. ನೂರರಲ್ಲಿ ಒಬ್ಬರಿಗೆ ಬರುವ ರೋಗವನ್ನು ಪತ್ತೆಹಚ್ಚುವ ಮಾದರಿ ಎಲ್ಲರಿಗೂ ‘ರೋಗವಿಲ್ಲ’ ಎಂದು ಹೇಳಿದರೂ ಶೇ 99 ಸರಿ. ಆದರೆ ಅದು ಹಿಡಿಯಬೇಕಿದ್ದ ಒಬ್ಬ ರೋಗಿಯನ್ನೂ ಹಿಡಿಯಲಿಲ್ಲ. ಆದ್ದರಿಂದ ರೋಗವಿದ್ದವರಲ್ಲಿ ಎಷ್ಟು ಜನರನ್ನು ಹಿಡಿಯಿತು, ರೋಗವಿದೆ ಎಂದು ಹೇಳಿದವರಲ್ಲಿ ಎಷ್ಟು ಜನರಿಗೆ ನಿಜವಾಗಿ ಇತ್ತು ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಒಂದನ್ನು ಹೆಚ್ಚಿಸಿದರೆ ಸಾಮಾನ್ಯವಾಗಿ ಇನ್ನೊಂದು ಇಳಿಯುತ್ತದೆ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದು ಮತ್ತೆ ಅಣೆಕಟ್ಟಿನ ಪ್ರಶ್ನೆಯೇ: ಯಾವ ತಪ್ಪಿನ ಬೆಲೆಯನ್ನು ಯಾರು ತೆರುತ್ತಾರೆ?

ಅಳತೆಯೇ ಮೊದಲ ಪಾಠ ಎಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಕಾಲದ್ದು. ಈಗ ದೊಡ್ಡ ಭಾಷಾ ಮಾದರಿಗಳು ಬಂದಿವೆ, ಕೇಳಿದರೆ ಕೋಡನ್ನೂ ಅವೇ ಬರೆದುಕೊಡುತ್ತವೆ, ಸರಳರೇಖೆ ಮತ್ತು ಅಂಕಿಗಳ ಚಿತ್ರ ಹಿಡಿದು ಕೂರುವುದು ಹಿಂದಕ್ಕೆ ನಡೆದಂತಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಭಾಷಾ ಮಾದರಿಯ ಒಡಲಲ್ಲಿ ಇರುವುದೂ ಅವೇ ಮೂರು ಅಂಗಗಳು. ಒಂದು ಪಠ್ಯದಲ್ಲಿ ಮುಂದಿನ ತುಣುಕು ಯಾವುದು ಎಂದು ಊಹಿಸುವುದು, ಊಹೆ ಎಷ್ಟು ತಪ್ಪಿತು ಎಂದು ಅಳೆಯುವುದು, ತೂಕಗಳನ್ನು ತಿದ್ದುವುದು. ಕ್ಲಾಡ್ ಶಾನನ್ 1951ರಲ್ಲಿ ಇಂಗ್ಲಿಷ್ ಪಠ್ಯದ ಮುಂದಿನ ಅಕ್ಷರವನ್ನು ಮನುಷ್ಯರಿಂದ ಊಹೆ ಮಾಡಿಸಿ ಭಾಷೆಯ ಅನಿಶ್ಚಿತತೆಯನ್ನು ಅಳೆದದ್ದು ಇದೇ ಜಾಡಿನಲ್ಲಿ. ದೊಡ್ಡ ಮಾದರಿಗಳಿಂದ ಅಳತೆಯ ಹೊಣೆ ಕಡಿಮೆಯಾಗಿಲ್ಲ, ಹೆಚ್ಚಿದೆ. ಅವು ಅಂತರಜಾಲದ ಅಪಾರ ಪಠ್ಯವನ್ನು ಓದಿರುವುದರಿಂದ ನಾವು ಕೇಳುವ ಪ್ರಶ್ನೆ ಅವುಗಳ ತರಬೇತಿಯಲ್ಲೇ ಇತ್ತೋ ಇಲ್ಲವೋ ಎಂದು ತಿಳಿಯುವುದೇ ಕಷ್ಟ. ಕನ್ನಡದ ಮಟ್ಟಿಗೆ ಹೊರೆ ಇನ್ನೂ ಹೆಚ್ಚು. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ‘ಕನ್ನಡ’ ಎಂಬ ಪುಟ್ಟ ಪದವೇ 15 ಬೈಟ್. ಪಠ್ಯವನ್ನು ತುಂಡರಿಸುವ ಕ್ರಮ ಇಂಗ್ಲಿಷನ್ನು ನೋಡಿ ರೂಪುಗೊಂಡಿದ್ದರೆ ಕನ್ನಡ ಪದ ಹೆಚ್ಚು ಚೂರುಗಳಾಗಿ ಒಡೆಯುತ್ತದೆ, ಕಲಿಯಲು ಸಿಗುವ ಪಠ್ಯವೂ ಕಡಿಮೆ. ಇಂಥ ಮಾದರಿ ಬರೆದ ಕನ್ನಡದಲ್ಲಿ ವಿಭಕ್ತಿ ಎಲ್ಲಿ ಕೆಟ್ಟಿತು, ವಿಷಯ ಎಲ್ಲಿ ಕಲ್ಪಿತವಾಯಿತು ಎಂದು ವ್ಯವಸ್ಥಿತವಾಗಿ ಅಳೆಯಬಲ್ಲವರು ಕನ್ನಡ ಬಲ್ಲವರೇ.

ಎರಡನೆಯ ಆಕ್ಷೇಪ ಗಣಿತದ ಕಡೆಯಿಂದ ಬರುತ್ತದೆ: ತಳಪಾಯವಿಲ್ಲದೆ ಅಳತೆಯ ಮಾತಾಡುವುದು ಮೇಲುಮೇಲಿನದಾಗುವುದಿಲ್ಲವೇ? ಈ ಮಾತಿನಲ್ಲಿ ನಿಜವಿದೆ, ಗಣಿತ ಖಂಡಿತ ಬೇಕು. ಭಿನ್ನಾಭಿಪ್ರಾಯ ಇರುವುದು ಅದು ಯಾವಾಗ ಬರಬೇಕು ಎಂಬುದರಲ್ಲಿ. ಎರಡು ಚಿತ್ರಗಳ ನಡುವಿನ ದೂರ ಎಂದರೇನು ಎಂದು ಕೇಳಿದವರಿಗೆ ವೆಕ್ಟರ್‌ಗಳು ಅರ್ಥವಾಗುತ್ತವೆ. ಅಕ್ಕಪಕ್ಕದ ಚುಕ್ಕೆಗಳು ಒಟ್ಟಿಗೆ ಕಪ್ಪಾಗುವಾಗ ಸಾದಾ ದೂರ ಯಾಕೆ ಸಾಲದು ಎಂದು ಕೇಳಿದವರು, ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಕೋಲ್ಕತ್ತದಲ್ಲಿ ರೂಪಿಸಿ 1936ರಲ್ಲಿ ಪ್ರಕಟಿಸಿದ ದೂರದ ಅಳತೆಗೆ ಬಂದು ಮುಟ್ಟುತ್ತಾರೆ. ಮ್ಯಾಟ್ರಿಕ್ಸಿನ ವಿಲೋಮ ಏತಕ್ಕೆ ಎಂಬುದು ಅವರಿಗೆ ಅಲ್ಲಿ ಕಾಣುತ್ತದೆ. ತಪ್ಪು ಯಾವ ದಿಕ್ಕಿಗೆ ಇಳಿಯುತ್ತದೆ ಎಂಬ ಪ್ರಶ್ನೆ ಕಲನಶಾಸ್ತ್ರವನ್ನು ತರುತ್ತದೆ. ಎಷ್ಟು ಉದಾಹರಣೆಗಳಿದ್ದರೆ ಎಷ್ಟು ನಿಖರತೆ ಸಾಧ್ಯ ಎಂಬ ಪ್ರಶ್ನೆ ಸಂಖ್ಯಾಶಾಸ್ತ್ರದ ಒಳಕ್ಕೆ ಕರೆದೊಯ್ಯುತ್ತದೆ. ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್, ಮಹಲನೋಬಿಸರ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದಾಗ 1945ರಲ್ಲಿ ಬರೆದ ಪ್ರಬಂಧ ಆ ಪ್ರಶ್ನೆಗೆ ಒಂದು ಮೂಲಭೂತ ಉತ್ತರ ಕೊಟ್ಟಿತು. ಪಕ್ಷಪಾತವಿಲ್ಲದ ಯಾವ ಅಂದಾಜೂ ಒಂದು ಮಿತಿಗಿಂತ ಹೆಚ್ಚು ನಿಖರವಾಗಿರಲಾರದು, ಎಷ್ಟೇ ಜಾಣತನದ ಸೂತ್ರ ಹೂಡಿದರೂ ದತ್ತಾಂಶದಲ್ಲಿ ಇಲ್ಲದ ಮಾಹಿತಿ ಹುಟ್ಟುವುದಿಲ್ಲ. ಕ್ರಾಮರ್-ರಾವ್ ಮಿತಿ ಎಂದು ಜಗತ್ತೆಲ್ಲ ಕರೆಯುವ ಈ ಫಲಿತಾಂಶ ತಪ್ಪನ್ನು ಅಳೆಯುವ ವಿದ್ಯೆಯ ಶಿಖರಗಳಲ್ಲೊಂದು. ತನ್ನ ಮಾದರಿ ಎಷ್ಟು ತಿದ್ದಿದರೂ ಒಂದು ಹಂತದ ಮೇಲೆ ಸುಧಾರಿಸದೆ ನಿಂತದ್ದನ್ನು ಕಂಡ ವಿದ್ಯಾರ್ಥಿ ಇದನ್ನು ಓದಿದರೆ ಅದರ ಮಹತ್ವ ಮನಸ್ಸಿಗೆ ನಾಟುತ್ತದೆ.

ಮೂರನೆಯ ಆಕ್ಷೇಪ: ಇವೆಲ್ಲ ಆಟಿಕೆ ಸಮಸ್ಯೆಗಳು, ಉದ್ಯಮ ಕೇಳುವ ಕೌಶಲವೇ ಬೇರೆ. ಸಣ್ಣ ಸಮಸ್ಯೆ ಎಂದರೆ ಹಗುರವಾದ ಸಮಸ್ಯೆಯಲ್ಲ ಎನ್ನಲು ಈ ಕ್ಷೇತ್ರದ ಇತಿಹಾಸವೇ ಸಾಕ್ಷಿ. ಫ್ರಾಂಕ್ ರೋಸೆನ್‌ಬ್ಲಾಟ್ 1958ರಲ್ಲಿ ಪರ್ಸೆಪ್ಟ್ರಾನ್ ಎಂಬ ಕಲಿಯುವ ಯಂತ್ರದ ವಿವರ ಪ್ರಕಟಿಸಿದಾಗ ಅದರ ಬಗ್ಗೆ ಆಕಾಶದೆತ್ತರದ ನಿರೀಕ್ಷೆಗಳು ಬೆಳೆದವು. 1969ರಲ್ಲಿ ಮಾರ್ವಿನ್ ಮಿನ್ಸ್‌ಕಿ ಮತ್ತು ಸೀಮೋರ್ ಪ್ಯಾಪರ್ಟ್ ತಮ್ಮ ಪುಸ್ತಕದಲ್ಲಿ ಅದರ ಮಿತಿಗಳನ್ನು ಗಣಿತದಿಂದ ತೋರಿಸಿದರು. ಆ ಮಿತಿಯ ಅತ್ಯಂತ ಪರಿಚಿತ ರೂಪ ನಾಲ್ಕೇ ಸಾಲಿನ ಒಂದು ಕೋಷ್ಟಕ: ಎರಡು ಒಳಸಂಕೇತಗಳಲ್ಲಿ ಒಂದು ಮಾತ್ರ ಹೌದು ಎಂದಿದ್ದರೆ ಉತ್ತರ ಹೌದು, ಎರಡೂ ಒಂದೇ ಆಗಿದ್ದರೆ ಉತ್ತರ ಅಲ್ಲ. ಒಂದೇ ಪದರದ ಪರ್ಸೆಪ್ಟ್ರಾನ್ ಎಷ್ಟು ತರಬೇತಿ ಪಡೆದರೂ ಈ ನಾಲ್ಕು ಸಾಲನ್ನು ತಪ್ಪಿಲ್ಲದೆ ಕಲಿಯಲಾರದು, ಏಕೆಂದರೆ ಹಾಳೆಯ ಮೇಲಿನ ಆ ನಾಲ್ಕು ಬಿಂದುಗಳನ್ನು ಒಂದೇ ಸರಳರೇಖೆ ಬೇರ್ಪಡಿಸಲಾರದು. ನಡುವೆ ಪದರಗಳಿರುವ ಜಾಲಗಳಲ್ಲಿ ತಪ್ಪಿನ ಹೊಣೆಯನ್ನು ಹಿಂದಿನ ಪದರಗಳಿಗೂ ಹಂಚುವ ವಿಧಾನವನ್ನು ರೂಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಮಂಡಿಸಿ ಜನಪ್ರಿಯಗೊಳಿಸಿದ ಮೇಲೆ ದಾರಿ ತೆರೆಯಿತು. ಈ ನಾಲ್ಕು ಸಾಲಿನ ಕೋಷ್ಟಕವನ್ನು ಕಾಗದದ ಮೇಲೆ ಬಿಡಿಸಿ ನೋಡಿದವರಿಗೆ ನರಜಾಲಕ್ಕೆ ನಡುವಿನ ಪದರ ಯಾಕೆ ಬೇಕು ಎಂದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಉದ್ಯಮದ ಉಪಕರಣಗಳು ಕೆಲವೇ ವರ್ಷಗಳಲ್ಲಿ ಬದಲಾಗುತ್ತವೆ, ಹೀಗೆ ತಿಳಿದದ್ದು ಬದಲಾಗುವುದಿಲ್ಲ.

ಸಾಧನ ಮತ್ತು ಭಾಷೆಯ ತೊಂದರೆಯೂ ನಿಜವಾದದ್ದೇ. ಒಳ್ಳೆಯ ಪಠ್ಯಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ, ದೊಡ್ಡ ಮಾದರಿಗಳಿಗೆ ದುಬಾರಿ ಯಂತ್ರಗಳು ಬೇಕು. ಆದರೆ ಇಲ್ಲಿ ಹೇಳಿದ ಪ್ರಯೋಗಗಳಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಅದೂ ಇಲ್ಲದವರಿಗೆ ಗೂಗಲ್ ಕೊಲ್ಯಾಬ್‌ನಂಥ ಉಚಿತ ನೋಟ್‌ಬುಕ್‌ಗಳು ಬ್ರೌಸರಿನಲ್ಲೇ ತೆರೆದುಕೊಳ್ಳುತ್ತವೆ. ಪೈಥಾನ್‌ನಲ್ಲಿ ಬೇಕಾಗುವ ಇಂಗ್ಲಿಷ್ ಪದಗಳು ಬೆರಳೆಣಿಕೆಯಷ್ಟು. ಸೈಕಿಟ್-ಲರ್ನ್ ಎಂಬ ಮುಕ್ತ ಲೈಬ್ರರಿಯಲ್ಲಿ ಹತ್ತಿರದ ನೆರೆ, ರೇಖೀಯ ಮಾದರಿ, ಗೊಂದಲದ ಪಟ್ಟಿ ಎಲ್ಲವೂ ಸಿದ್ಧವಾಗಿವೆ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮದ್ರಾಸಿನ ಬಿ. ರವೀಂದ್ರನ್ ಅವರ ಯಂತ್ರಕಲಿಕೆಯ ಪಾಠಗಳು ಉಚಿತವಾಗಿ ಸಿಗುತ್ತವೆ. ಕನ್ನಡದಲ್ಲಿ ಯೋಚಿಸಿ ಕಲಿತರೆ ಹಿಂದೆ ಬೀಳುತ್ತೇವೆ ಎಂಬ ಭಯಕ್ಕೆ ಕಾರಣವಿಲ್ಲ, ಏಕೆಂದರೆ ಪ್ರಶ್ನೆಯನ್ನು ಸರಿಯಾಗಿ ಹೂಡುವುದು, ಉದಾಹರಣೆಗಳನ್ನು ಹೇಗೆ ಆರಿಸಬೇಕೆಂದು ಯೋಚಿಸುವುದು, ತಪ್ಪನ್ನು ಹೆಸರು ಹಿಡಿದು ಹೇಳುವುದು ಯಾವ ಭಾಷೆಯಲ್ಲಿ ಸ್ಪಷ್ಟವಾಗಿ ಆಗುತ್ತದೋ ಆ ಭಾಷೆಯಲ್ಲೇ ಚೆನ್ನಾಗಿ ಆಗುತ್ತದೆ.

ಹಾಗಾದರೆ ಶುರು ಮಾಡುವುದು ಹೇಗೆ? ಎರಡು ಕಂಬಸಾಲಿನ ದತ್ತಾಂಶವನ್ನು ತೆಗೆದುಕೊಂಡು ಕೈಯಿಂದ ಒಂದು ರೇಖೆ ಹೊಂದಿಸಿ, ತಪ್ಪಿನ ಮೊತ್ತ ಇಳಿಯುವುದನ್ನು ನೋಡಿ. ಆಮೇಲೆ ಕನ್ನಡ ಅಂಕಿಗಳಿಗೆ ಬನ್ನಿ. ಮೊದಲು ಊಹೆ, ನಂತರ ಹತ್ತಿರದ ನೆರೆ, ನಂತರ ರೇಖೀಯ ಮಾದರಿ, ಕೊನೆಗೆ ನರಜಾಲ. ಪ್ರತಿ ಹಂತದಲ್ಲೂ ಹಿಂದಿನದಕ್ಕಿಂತ ಎಷ್ಟು ತಪ್ಪು ಕಡಿಮೆಯಾಯಿತು ಎಂದು ಬರೆದಿಡಿ. ಡಿಗ್ ಎಂನಿಸ್ಟ್ ಮುಂದೆ ನಿಲ್ಲಿಸಿ, ಕುಸಿತಕ್ಕೆ ಕಾರಣ ಹುಡುಕಿ. ಸುತ್ತಮುತ್ತಲಿನವರಿಂದ ಒಂದಷ್ಟು ಅಂಕಿಗಳನ್ನು ಬರೆಸಿ ನಿಮ್ಮದೇ ಪರೀಕ್ಷೆಯ ರಾಶಿ ಮಾಡಿಕೊಳ್ಳಿ: ಶಾಲೆಗೆ ಹೋಗುವ ಮಕ್ಕಳು, ಕೈ ನಡುಗುವ ಹಿರಿಯರು, ಅಂಗಡಿಯ ಲೆಕ್ಕ ಬರೆಯುವವರು. ಇಷ್ಟಾದ ಮೇಲೆ ಭಾಷಾ ಮಾದರಿಯ ಕಡೆ ತಿರುಗಿದರೆ ಅದರ ಮುಂದೆ ಯಾವ ಪ್ರಶ್ನೆಗಳನ್ನಿಡಬೇಕು ಎಂದು ನಿಮಗೆ ಗೊತ್ತಿರುತ್ತದೆ. ಕಲಿತದ್ದು ಎಷ್ಟು ಎಂದು ನೋಡಿಕೊಳ್ಳಲು ಒಂದು ಒರೆಗಲ್ಲು ಇದೆ: ನಿಮ್ಮ ಮಾದರಿ ಯಾರ ಮುಂದೆ, ಯಾವ ಸಂದರ್ಭದಲ್ಲಿ, ಎಷ್ಟರ ಮಟ್ಟಿಗೆ ತಪ್ಪುತ್ತದೆ ಎಂದು ಬೇರೆಯವರು ಕಂಡುಹಿಡಿಯುವ ಮೊದಲೇ ನೀವು ಹೇಳಬಲ್ಲಿರಾ? ಸಾಲ ಕೊಡುವುದು, ರೋಗ ಹೇಳುವುದು, ಅರ್ಜಿ ಆರಿಸುವುದು ಮುಂತಾದ ಕೆಲಸಗಳಲ್ಲಿ ಈಗಾಗಲೇ ಯಂತ್ರಗಳ ಅಂದಾಜು ಸೇರಿಕೊಳ್ಳುತ್ತಿದೆ. ಆ ಅಂದಾಜುಗಳನ್ನು ತಯಾರಿಸುವವರು ಬೇಕಾದಷ್ಟು ಜನ ಇರುತ್ತಾರೆ. ಅವುಗಳಲ್ಲಿನ ತಪ್ಪನ್ನು ಹಿಡಿದು, ಅಳೆದು, ತಿದ್ದಿ ಎಂದು ಪುರಾವೆಯೊಡನೆ ಕೇಳಬಲ್ಲವರು ಕನ್ನಡ ನಾಡಿನ ಪ್ರತಿ ಊರಿನಲ್ಲೂ ಬೇಕು, ಆ ಶಕ್ತಿ ಒಂದು ಸರಳರೇಖೆಯಿಂದ ಶುರು ಮಾಡುವ ಯಾರಿಗೂ ಎಟುಕುತ್ತದೆ.